ಟೈಟಾನಿಕ್ ಹಡಗಿನ ಹೆಸರುಪಟ್ಟಿ

ಟೈಟಾನಿಕ್ ಹಡಗಿನ ಕತೆ ಗೊತ್ತಿಲ್ಲದವರು ನಮ್ಮಲ್ಲಿ ವಿರಳ. 1912ರ ಎಪ್ರಿಲ್ 10ರಂದು ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ ನ್ಯೂಯಾರ್ಕಿಗೆ ಹೊರಟ ಈ ಹಡಗು 14ರ ರಾತ್ರಿ 11 ಗಂಟೆ 40 ನಿಮಿಷಕ್ಕೆ ನೀರ್ಗಲ್ಲ ಗುಡ್ಡಕ್ಕೆ ಬಡಿಯಿತು. 15ರ ನಸುಕಿನ 2 ಗಂಟೆ 20 ನಿಮಿಷಕ್ಕೆ ಮುಳುಗಿತು. 1997ರ ಸಿನೆಮಾ ಬಂದ ಮೇಲಂತೂ ಇದು ಶಾಲೆಯ ಮಕ್ಕಳಿಗೂ ಬಾಯಿಪಾಠವಾಯಿತು. ಆದರೆ ಆ ರಾತ್ರಿ ಸತ್ತವರು ಎಷ್ಟು ಮಂದಿ, ಅವರು ಯಾರು ಯಾರು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆ ಉತ್ತರವನ್ನು ಹುಡುಕಿದವರ ಕೆಲಸವೇ ಈ ಲೇಖನದ ವಿಷಯ.

ಮೊದಲು ಲೆಕ್ಕವನ್ನೇ ನೋಡೋಣ. ಅಮೆರಿಕದ ಸೆನೆಟಿನ ವಿಚಾರಣೆಯ ಪ್ರಕಾರ ಹಡಗಿನಲ್ಲಿದ್ದವರು 2223, ಬದುಕಿದವರು 706, ಸತ್ತವರು 1517. ಬ್ರಿಟಿಷ್ ವಿಚಾರಣೆಯ ವರದಿಯಲ್ಲಿ ಇದ್ದವರು 2201, ಬದುಕಿದವರು 711, ಸತ್ತವರು 1490. ದೋಣಿಗಳಿಂದ ಜನರನ್ನು ಎತ್ತಿಕೊಂಡ ಕಾರ್ಪೇತಿಯಾ ಹಡಗಿನ ಕಪ್ತಾನ ರೋಸ್ಟ್ರನ್ ಹೇಳಿದ್ದು 705. ಮೂರೂ ಒಂದೇ ವರ್ಷದ, ಹೊಣೆಯುಳ್ಳವರೇ ಕೊಟ್ಟ ಲೆಕ್ಕಗಳು. ಒಂದಕ್ಕೊಂದು ತಾಳೆಯಾಗುವುದಿಲ್ಲ. ಇತ್ತೀಚಿನ ಸಂಶೋಧಕರು ಒಬ್ಬೊಬ್ಬರ ಹೆಸರನ್ನೂ ಬೇರೆಬೇರೆಯಾಗಿ ಪರಿಶೀಲಿಸಿದ ಮೇಲೆ ಹೆಚ್ಚಿನವರು ಒಪ್ಪಿದ ಸಂಖ್ಯೆ: ಬದುಕಿದವರು 712, ಸತ್ತವರು 1496. ಸರಕಾರದ ಎರಡು ವಿಚಾರಣೆಗಳಿಂದ ಆಗದ್ದನ್ನು ಹಲವು ದೇಶಗಳ ಹವ್ಯಾಸಿಗಳು ಬಂದರಿನ ದಾಖಲೆ, ಚರ್ಚಿನ ಪುಸ್ತಕ, ಜನಗಣತಿಯ ಹಾಳೆ, ಹಳೆಯ ಪತ್ರಿಕೆಗಳನ್ನು ಹಿಡಿದು ದಶಕಗಳ ಕಾಲ ಕುಳಿತು ಮಾಡಿದರು.

ತಾಳೆಯಾಗದಿರುವುದಕ್ಕೆ ಕಾರಣಗಳಿವೆ. ಹಡಗಿನ ಮೇಲಿದ್ದ ಕಾಗದಪತ್ರಗಳು ಹಡಗಿನೊಂದಿಗೇ ಹೋದವು. ಉಳಿದದ್ದು ದಡದಲ್ಲಿದ್ದ ಪ್ರತಿಗಳು ಮಾತ್ರ. ಟಿಕೆಟು ಕೊಂಡ ಕೆಲವರು ಕೊನೆಯ ಗಳಿಗೆಯಲ್ಲಿ ಹತ್ತಲಿಲ್ಲ, ಹೆಸರು ಮಾತ್ರ ಪಟ್ಟಿಯಲ್ಲಿ ಉಳಿಯಿತು. ಸಿಬ್ಬಂದಿಯ ಕತೆ ಇನ್ನೂ ತೊಡಕಿನದು. ಕೆಲಸಕ್ಕೆ ಸಹಿ ಹಾಕಿದ ಕೆಲವು ಬೆಂಕಿಯಾಳುಗಳು ಹಡಗು ಬಿಡುವ ಹೊತ್ತಿಗೆ ಬರಲಿಲ್ಲ. ಧಕ್ಕೆಯಲ್ಲಿ ಕೆಲಸಕ್ಕಾಗಿ ಕಾಯುತ್ತಿದ್ದವರನ್ನು ಅವರ ಬದಲಿಗೆ ಅವಸರದಲ್ಲಿ ತೆಗೆದುಕೊಂಡರು. ಜಾನ್ ಕಾಫಿ ಎಂಬ ಬೆಂಕಿಯಾಳು ಐರ್ಲೆಂಡಿನ ಕ್ವೀನ್ಸ್‌ಟೌನಿನಲ್ಲಿ ದಡಕ್ಕೆ ಹೋಗುವ ಟಪಾಲು ಚೀಲಗಳ ನಡುವೆ ಅಡಗಿ ಕುಳಿತು ತಪ್ಪಿಸಿಕೊಂಡ. ಹೀಗೆ ಓಡಿಹೋದದ್ದರಿಂದ ಅವನ ಜೀವ ಉಳಿಯಿತು.

ಇದಕ್ಕೆ ಹೆಸರಿನ ಬರವಣಿಗೆಯ ತೊಂದರೆಯೂ ಸೇರಿಕೊಂಡಿತು. ಈ ತೊಂದರೆಯನ್ನು ಗಡಿನಾಡಿನ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮಲಯಾಳದ ಕುಂಞಿರಾಮನ್ ಕನ್ನಡದ ರೇಶನ್ ಕಾರ್ಡಿನಲ್ಲಿ ಕುಂಇರಾಮ ಆಗುತ್ತಾನೆ, ಇಂಗ್ಲಿಷಿನ ಪಾಸ್‌ಪುಸ್ತಕದಲ್ಲಿ ಇನ್ನೊಂದಾಗುತ್ತಾನೆ. ಒಬ್ಬಳೇ ಅಜ್ಜಿ ಒಂದು ಕಾಗದದಲ್ಲಿ ಐಸಮ್ಮ, ಇನ್ನೊಂದರಲ್ಲಿ ಆಯಿಷಾ. ನಮ್ಮ ಹಿರಿಯ ಕವಿ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನೇ ಅಚ್ಚಿನಲ್ಲಿ ಎಷ್ಟು ಬಗೆಯಾಗಿ ಕಂಡಿದ್ದೇವೆ! ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕುಳಿತ ನಾನು ಇಂತಹ ಹೆಸರುಗಳನ್ನು ಒಂದೇ ವ್ಯಕ್ತಿಯವೆಂದು ಸಾಧಿಸುವ ಅಫಿದವಿತ್‌ಗಳನ್ನು ನೋಡದ ವಾರವಿಲ್ಲ. ಟೈಟಾನಿಕ್‌ನ ಮೂರನೆಯ ದರ್ಜೆಯಲ್ಲಿ ಇಂಥವರೇ ತುಂಬಿದ್ದರು. ಲೆಬನಾನಿನ ಹಳ್ಳಿಗಳಿಂದ ಬಂದು ಫ್ರಾನ್ಸಿನ ಶೆರ್ಬೂರಿನಲ್ಲಿ ಹತ್ತಿದವರ ಅರಬಿ ಹೆಸರುಗಳನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡರು. ತಂದೆಯ ಹೆಸರು ಮನೆತನದ ಹೆಸರಾಯಿತು, ಒಂದೇ ಮನೆಯವರು ಬೇರೆ ಬೇರೆ ಅಕ್ಷರದಡಿ ಚದರಿಹೋದರು. ಎಂಟು ಮಂದಿ ಚೀನಾದ ನಾವಿಕರು 1601ನೇ ನಂಬ್ರದ ಒಂದೇ ಟಿಕೆಟಿನಲ್ಲಿ ಪ್ರಯಾಣ ಮಾಡುತ್ತಿದ್ದರು. ಅವರಲ್ಲಿ ಆರು ಮಂದಿ ಬದುಕಿದರು, ಇಬ್ಬರು ಮುಳುಗಿದರು. ಇಂಗ್ಲಿಷಿನಲ್ಲಿ ಬರೆದ ಆ ಹೆಸರುಗಳ ಹಿಂದಿನ ಮನುಷ್ಯರನ್ನು ಹುಡುಕಲು ನೂರು ವರ್ಷ ಕಳೆದ ಮೇಲೆಯೂ ಸಂಶೋಧಕರು ಚೀನಾದ ಹಳ್ಳಿಗಳಿಗೆ ಹೋಗಬೇಕಾಯಿತು.

ಕೆಲವರು ಬೇಕೆಂದೇ ಹೆಸರು ಬದಲಾಯಿಸಿದ್ದರು. ಎರಡನೆಯ ದರ್ಜೆಯ ಪಟ್ಟಿಯಲ್ಲಿ ಹಾಫ್‌ಮನ್ ಎಂಬವನೊಬ್ಬ ಇಬ್ಬರು ಗಂಡುಮಕ್ಕಳೊಂದಿಗೆ ಇದ್ದ. ನಿಜವಾಗಿ ಅವನು ಫ್ರಾನ್ಸಿನ ನೀಸ್ ಊರಿನ ದರ್ಜಿ ಮಿಶೆಲ್ ನವ್ರಾಟಿಲ್. ಬೇರೆಯಾಗಿದ್ದ ಹೆಂಡತಿಗೆ ತಿಳಿಯದಂತೆ ಮಕ್ಕಳನ್ನು ಅಮೆರಿಕಕ್ಕೆ ಕರೆದೊಯ್ಯುತ್ತಿದ್ದ. ಮಕ್ಕಳನ್ನು ದೋಣಿಗೆ ಹತ್ತಿಸಿದ, ತಾನು ಸತ್ತ. ನ್ಯೂಯಾರ್ಕಿನಲ್ಲಿ ಆ ಎಳೆಯರು ಯಾರ ಮಕ್ಕಳೆಂದು ಯಾರಿಗೂ ತಿಳಿಯಲಿಲ್ಲ. ಪತ್ರಿಕೆಯಲ್ಲಿ ಬಂದ ಅವರ ವಿವರ ನೋಡಿ ತಾಯಿ ಗುರುತಿಸಿ, ಸಮುದ್ರ ದಾಟಿ ಬಂದು ಕರೆದುಕೊಂಡು ಹೋದಳು. ತಂದೆಯ ಶವವನ್ನಾದರೋ ಹಾಫ್‌ಮನ್ ಎಂಬ ಹೆಸರಿನ ಆಧಾರದಿಂದ ಯೆಹೂದ್ಯನೆಂದು ಬಗೆದು, ಕೆನಡಾದ ಹ್ಯಾಲಿಫ್ಯಾಕ್ಸಿನ ಯೆಹೂದ್ಯರ ಸ್ಮಶಾನದಲ್ಲಿ ಮಣ್ಣು ಮಾಡಿದ್ದರು. ಸಾಲದಾಗಿ ಪಡೆದ ಹೆಸರು ಅವನ ಗೋರಿಯನ್ನೂ ನಿರ್ಣಯಿಸಿತು.

ಇನ್ನು ಯಾವ ಪಟ್ಟಿಗೂ ಸರಿಯಾಗಿ ಸೇರದವರೂ ಇದ್ದರು. ಹಡಗು ಮುಳುಗುವವರೆಗೆ ಸಂಗೀತ ನುಡಿಸಿದ ಎಂಟು ವಾದ್ಯಗಾರರ ಕೀರ್ತಿ ಜಗತ್ತೆಲ್ಲ ಹಬ್ಬಿತು. ಆದರೆ ಕಾಗದದಲ್ಲಿ ಅವರು ಹಡಗಿನ ಸಿಬ್ಬಂದಿಯಲ್ಲ. ಲಿವರ್‌ಪೂಲಿನ ಒಂದು ಏಜೆನ್ಸಿ ಕಳುಹಿಸಿದ ಅವರು ಎರಡನೆಯ ದರ್ಜೆಯ ಟಿಕೆಟಿನಲ್ಲಿದ್ದರು. ಪರಿಹಾರದ ಪ್ರಶ್ನೆ ಬಂದಾಗ ಹಡಗು ಕಂಪೆನಿಯೂ ಏಜೆನ್ಸಿಯೂ ತಮ್ಮ ನೌಕರರಲ್ಲವೆಂದವು. ಇಪ್ಪತ್ತೊಂದು ವರ್ಷದ ಪಿಟೀಲುಗಾರ ಜಾನ್ ಹ್ಯೂಮನ ತಂದೆಗೆ ಆ ಏಜೆನ್ಸಿಯಿಂದ ಬಂದದ್ದು ಮಗನ ಸಮವಸ್ತ್ರದ ಬಾಕಿ ಬಿಲ್ಲು. ಹೆಸರು ಯಾವ ಪಟ್ಟಿಯಲ್ಲಿದೆ ಎಂಬುದು ಕೇವಲ ಚರಿತ್ರೆಕಾರರ ಚರ್ಚೆಯಲ್ಲ, ಮನೆಯವರ ಅನ್ನದ ಪ್ರಶ್ನೆಯೂ ಹೌದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸತ್ತವರ ಗುರುತು ಹಿಡಿಯುವ ಕೆಲಸ ನಡೆದದ್ದು ಮುಖ್ಯವಾಗಿ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ. ಸಮುದ್ರದಡಿಯ ತಂತಿ ದುರಸ್ತಿ ಮಾಡುವ ಮೆಕೆ-ಬೆನೆಟ್ ಎಂಬ ಹಡಗನ್ನು ವೈಟ್ ಸ್ಟಾರ್ ಕಂಪೆನಿ ಬಾಡಿಗೆಗೆ ಹಿಡಿದು, ಎಪ್ರಿಲ್ 17ರಂದು ಮಂಜುಗಡ್ಡೆ, ಶವಪೆಟ್ಟಿಗೆ, ಪಾದ್ರಿ ಸಮೇತ ಕಳುಹಿಸಿತು. ಅದಕ್ಕೆ 306 ಶವಗಳು ಸಿಕ್ಕವು. ಪ್ರತಿ ಶವಕ್ಕೂ ಸಿಕ್ಕಿದ ಕ್ರಮದಲ್ಲಿ ಒಂದು ನಂಬ್ರ, ಕಿಸೆಯಲ್ಲಿದ್ದ ಸಾಮಾನಿಗೆ ಅದೇ ನಂಬ್ರದ ಕ್ಯಾನ್ವಾಸ್ ಚೀಲ, ಪುಸ್ತಕದಲ್ಲಿ ಅದೇ ನಂಬ್ರದಡಿ ಅಂದಾಜು ವಯಸ್ಸು, ಕೂದಲಿನ ಬಣ್ಣ, ಹಚ್ಚೆ, ಬಟ್ಟೆಯ ಗುರುತು. ಈ ಕ್ರಮದ ಹಿಂದೆ ಇದ್ದವರು ನೋವಾ ಸ್ಕೋಶಿಯಾ ಪ್ರಾಂತದ ಜನನ ಮರಣ ನೋಂದಣಾಧಿಕಾರಿ ಜಾನ್ ಹೆನ್ರಿ ಬಾರ್ನ್‌ಸ್ಟೆಡ್. ಐದು ವರ್ಷಗಳ ಬಳಿಕ, 1917ರ ಡಿಸೆಂಬರ್ 6ರಂದು ಅದೇ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡಿನ ಹಡಗು ಸಿಡಿದು ಸುಮಾರು 2000 ಮಂದಿ ಸತ್ತಾಗ ಅವರ ಮಗ ಆರ್ಥರ್ ಇದೇ ಕ್ರಮವನ್ನು ಮತ್ತೆ ಬಳಸಿದರು. ಒಬ್ಬ ಕಚೇರಿ ಅಧಿಕಾರಿಯ ಅಚ್ಚುಕಟ್ಟು ಎರಡು ದುರಂತಗಳಲ್ಲಿ ನೂರಾರು ಮನೆಗಳಿಗೆ ತಮ್ಮವರನ್ನು ತಿರುಗಿ ಕೊಟ್ಟಿತು.

ಆದರೆ ಆ ಪುಸ್ತಕದಲ್ಲಿಯೂ ದರ್ಜೆಗಳಿದ್ದವು. 306ರಲ್ಲಿ 116 ಶವಗಳನ್ನು ಕಡಲಿಗೇ ಒಪ್ಪಿಸಲಾಯಿತು. ಅವರಲ್ಲಿ ಹೆಚ್ಚಿನವರು ಮೂರನೆಯ ದರ್ಜೆಯವರು ಮತ್ತು ಹಡಗಿನ ಕೆಲಸಗಾರರು. ಆಸ್ತಿಪಾಸ್ತಿಯ ಪ್ರಶ್ನೆ ಏಳಬಹುದಾದ ಗಣ್ಯರ ಶವಗಳನ್ನು ಕೆಡದಂತೆ ಉಳಿಸಿ ತರುವುದೇ ಲೇಸೆಂದು ತೋರಿತೆಂದು ಕಪ್ತಾನ ವಿವರಣೆ ಕೊಟ್ಟ. ಕೋಟ್ಯಧೀಶ ಜಾನ್ ಜೇಕಬ್ ಆಸ್ಟರನ ಶವ 124ನೇ ನಂಬ್ರದ್ದು. ಅಂಗಿಯ ಕಾಲರಿನಲ್ಲಿದ್ದ ಹೆಸರಿನ ಮೊದಲಕ್ಷರಗಳು ಅವನನ್ನು ತೋರಿಸಿಕೊಟ್ಟವು. ಬೆಂಕಿಯಾಳುವಿನ ಅಂಗಿಗೆ ಅಕ್ಷರ ಹೊಲಿಸುವವರು ಯಾರು? ಎಲ್ಲ ಹಡಗುಗಳು ತಂದ ಶವಗಳಲ್ಲಿ 150 ಹ್ಯಾಲಿಫ್ಯಾಕ್ಸಿನ ಮೂರು ಸ್ಮಶಾನಗಳಲ್ಲಿವೆ. ಫೇರ್‌ವ್ಯೂ ಎಂಬಲ್ಲಿರುವ 121 ಕಲ್ಲುಗಳಲ್ಲಿ ಇಂದಿಗೂ ಕೆಲವಕ್ಕೆ ಹೆಸರಿಲ್ಲ, ತಾರೀಕು ಮತ್ತು ನಂಬ್ರ ಮಾತ್ರ.

ಅಲ್ಲಿಯ 227ನೇ ನಂಬ್ರದ ಕಲ್ಲಿನಲ್ಲಿ ‘ಜೆ. ಡಾಸನ್’ ಎಂದಿದೆ. ಸಿನೆಮಾ ನೋಡಿ ಬಂದವರು ಅದರ ನಾಯಕನೆಂದು ಭಾವಿಸಿ ಆ ಗೋರಿಗೆ ಹೂವಿಟ್ಟರು. ಅಲ್ಲಿರುವುದು ಡಬ್ಲಿನ್ನಿನ ಜೋಸೆಫ್ ಡಾಸನ್, ಹಡಗಿನ ಹೊಟ್ಟೆಯೊಳಗೆ ಬಾಯ್ಲರುಗಳಿಗೆ ಕಲ್ಲಿದ್ದಲು ಸಾಗಿಸುತ್ತಿದ್ದ ಕೂಲಿಯಾಳು. ಕಿಸೆಯಲ್ಲಿದ್ದ ಕಾರ್ಮಿಕ ಸಂಘದ ಕಾರ್ಡು ಅವನ ಹೆಸರನ್ನು ಉಳಿಸಿತು. ಕಲ್ಪಿತ ನಾಯಕನಿಗೆ ಇಟ್ಟ ಹೂವು ಕೂಲಿಯಾಳಿಗೆ ಸಂದಿತಲ್ಲ ಎಂದು ನನಗಂತೂ ಸಂತೋಷವೇ ಆಯಿತು.

ಇವೆಲ್ಲಕ್ಕಿಂತ ಮನಸ್ಸನ್ನು ಕಲಕುವುದು 4ನೇ ನಂಬ್ರದ ಕತೆ. ಸುಮಾರು ಎರಡು ವರ್ಷದ, ಹೊಂಬಣ್ಣದ ಕೂದಲಿನ ಗಂಡುಮಗು. ಕೇಳಿಕೊಂಡು ಯಾರೂ ಬರಲಿಲ್ಲ. ಮೆಕೆ-ಬೆನೆಟ್ ಹಡಗಿನ ನಾವಿಕರೇ ಕೈಯಿಂದ ಹಣ ಹಾಕಿ, 1912ರ ಮೇ 4ರಂದು ಅದರ ಶವಸಂಸ್ಕಾರ ನಡೆಸಿ, ಅಜ್ಞಾತ ಶಿಶುವಿನ ಹೆಸರಿನಲ್ಲಿ ಕಲ್ಲು ನಿಲ್ಲಿಸಿದರು. 2001ರಲ್ಲಿ ಗೋರಿ ತೆರೆದಾಗ ಒಂದು ಎಲುಬಿನ ಚೂರು ಮತ್ತು ಹಲ್ಲು ಸಿಕ್ಕಿತು. ಡಿ.ಎನ್.ಎ. ಪರೀಕ್ಷೆ ನಡೆಸಿ, 2002ರಲ್ಲಿ ಅದು ಫಿನ್ಲೆಂಡಿನ ಐನೊ ಪನೂಲ ಎಂಬ 13 ತಿಂಗಳ ಮಗುವೆಂದು ಸಾರಿದರು. ಆದರೆ ಅದೇ ವರ್ಷ ಒಂದು ಜತೆ ಪುಟ್ಟ ಪಾದರಕ್ಷೆ ಹ್ಯಾಲಿಫ್ಯಾಕ್ಸಿನ ಮ್ಯೂಸಿಯಮ್ಮಿಗೆ ಬಂತು. ನೆನಪಿನ ವಸ್ತುಗಳೆಂದು ಯಾರೂ ಮಾರದಂತೆ ಸತ್ತವರ ಬಟ್ಟೆಗಳನ್ನು 1912ರಲ್ಲಿ ಸುಡಿಸಿದ್ದರು. ಕ್ಲಾರೆನ್ಸ್ ನಾರ್ತೋವರ್ ಎಂಬ ಪೊಲೀಸ್ ಸಾರ್ಜೆಂಟನಿಗೆ ಆ ಮಗುವಿನ ಪಾದರಕ್ಷೆಯನ್ನು ಬೆಂಕಿಗೆ ಹಾಕಲು ಮನಸ್ಸು ಬರಲಿಲ್ಲ, ಎತ್ತಿಟ್ಟಿದ್ದ. ಅದು 13 ತಿಂಗಳ ಮಗುವಿನ ಕಾಲಿಗೆ ತೀರಾ ದೊಡ್ಡದು. ಪರೀಕ್ಷೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ಮತ್ತೆ ನಡೆಸಿ, 2007ರಲ್ಲಿ ಅದು ಇಂಗ್ಲೆಂಡಿನ 19 ತಿಂಗಳ ಸಿಡ್ನಿ ಲೆಸ್ಲಿ ಗುಡ್ವಿನ್ ಎಂದು ನಿರ್ಣಯಿಸಿದರು. ತಂದೆ, ತಾಯಿ, ಆರು ಮಕ್ಕಳು, ಆ ಮನೆಯ ಎಂಟೂ ಮಂದಿ ಅಂದು ತೀರಿಹೋಗಿದ್ದರು. ಕೇಳಿಕೊಂಡು ಯಾರೂ ಬಾರದಿದ್ದುದಕ್ಕೆ ಕಾರಣ ಅದೇ. ಬ್ರಿಟಿಷ್ ವರದಿಯ ಪ್ರಕಾರ ಮೂರನೆಯ ದರ್ಜೆಯಲ್ಲಿದ್ದ 79 ಮಕ್ಕಳಲ್ಲಿ ಸತ್ತವರು 52. ಆ 52ರಲ್ಲಿ ಒಂದು ಮಗುವಿನ ಹೆಸರು ತಿಳಿಯಲು 95 ವರ್ಷ ಬೇಕಾಯಿತು.

ಸತ್ತವರು ಸತ್ತರು, ಇಷ್ಟು ವರ್ಷದ ಮೇಲೆ ಹೆಸರು ತಿಳಿದು ಏನು ಪ್ರಯೋಜನವೆಂದು ಕೇಳುವವರಿದ್ದಾರೆ. ಕಡಲಕರೆಯವರು ಹಾಗೆ ಕೇಳಲಾರರು. ಮೀನಿಗೆ ಹೋದ ದೋಣಿ ತಿರುಗಿ ಬಾರದಿದ್ದರೆ ಆ ಮನೆಯಲ್ಲಿ ಬೊಜ್ಜ ಮಾಡುವಂತಿಲ್ಲ, ಮಾಡದೆ ಇರುವಂತೆಯೂ ಇಲ್ಲ. 1872ರ ಸಾಕ್ಷ್ಯ ಕಾನೂನಿನ ಪ್ರಕಾರ ಒಬ್ಬನ ಸುದ್ದಿ ಏಳು ವರ್ಷ ಅವನ ಹತ್ತಿರದವರಿಗೆ ತಿಳಿಯದಿದ್ದರೆ ಅವನು ಸತ್ತನೆಂದು ಭಾವಿಸಬಹುದಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿಯೂ ಈ ಏಳು ವರ್ಷ ಉಳಿದಿದೆ. 2017ರ ಓಖಿ ಚಂಡಮಾರುತದಲ್ಲಿ ಕೇರಳದ ಮೀನುಗಾರರು ಕಾಣೆಯಾದಾಗ ಈ ಪ್ರಶ್ನೆ ಮತ್ತೆ ಎದ್ದಿತು. ಯಾರದೆಂದು ತಿಳಿಯದ ಹಣವನ್ನು ಬ್ಯಾಂಕಿನಲ್ಲಿ ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ. ಅದನ್ನು ಅಲ್ಲಿಯೇ ಬಿಡುವ ಹಾಗಿಲ್ಲ, ಹುಡುಕಿ ಸರಿಯಾದ ಹೆಸರಿಗೆ ಸೇರಿಸಿದ ಮೇಲಷ್ಟೇ ಲೆಕ್ಕ ಮುಗಿಯುವುದು. ಕಾಣೆಯಾದವರ ವಿಷಯದಲ್ಲಿ ಇಷ್ಟಾದರೂ ಶ್ರದ್ಧೆ ಬೇಡವೇ?

ನಮ್ಮವರ ಒಂದು ಹಡಗಿನ ಲೆಕ್ಕವನ್ನೂ ಇಲ್ಲಿ ನೆನೆಯಬೇಕು. ಬ್ರಿಟಿಷ್ ಇಂಡಿಯಾ ಕಂಪೆನಿಯ ‘ತಿಲಾವ’ ಹಡಗು 1942ರ ನವೆಂಬರಿನಲ್ಲಿ ಬೊಂಬಾಯಿಯಿಂದ ಆಫ್ರಿಕಕ್ಕೆ ಹೊರಟಿತ್ತು. 23ರಂದು ಜಪಾನಿನ ಜಲಾಂತರ್ಗಾಮಿ ಅದನ್ನು ಮುಳುಗಿಸಿತು. ಅದರಲ್ಲಿದ್ದ 958 ಮಂದಿಯಲ್ಲಿ 280 ಮಂದಿ ಸತ್ತರು. ಹೆಚ್ಚಿನವರು ಭಾರತೀಯರು. ಹಡಗಿನಲ್ಲಿ ದಕ್ಷಿಣ ಆಫ್ರಿಕದ 2364 ಬೆಳ್ಳಿಯ ಗಟ್ಟಿಗಳಿದ್ದವು. ಒಂದು ಖಾಸಗಿ ಕಂಪೆನಿ ಕಡಲತಳದಿಂದ ಆ ಬೆಳ್ಳಿಯನ್ನು ಎತ್ತಿ 2017ರಲ್ಲಿ ಇಂಗ್ಲೆಂಡಿಗೆ ತಂದಿತು. ಅದರ ವ್ಯಾಜ್ಯ 2024ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಬೆಳ್ಳಿಯ ಗಟ್ಟಿಗಳ ಲೆಕ್ಕ ಪಕ್ಕಾ ಇದೆ. ಅದರೊಂದಿಗೆ ಮುಳುಗಿದ 280 ಮಂದಿಯ ಹೆಸರನ್ನು, ಊರನ್ನು, ಮನೆಯನ್ನು ಟೈಟಾನಿಕ್‌ನವರದ್ದನ್ನು ಹುಡುಕಿದಷ್ಟು ಶ್ರಮದಿಂದ ಹುಡುಕಿದವರು ಎಷ್ಟು ಮಂದಿ?

ನಮ್ಮ ಕೋಟಿಕುಳಂ, ಪಾಲಕುನ್ನು, ಉದುಮ ಕಡೆಗಳಲ್ಲಿ ಹಡಗಿನ ಕೆಲಸಕ್ಕೆ ಹೋದವರಿಲ್ಲದ ಓಣಿಯೇ ಇಲ್ಲ. ಅದಕ್ಕೂ ಹಿಂದೆ ಮಂಜಿ, ಪತ್ತೆಮಾರಿಗಳಲ್ಲಿ ಹೋಗಿ ಬಾರದವರೂ ಇದ್ದಾರೆ. ಹಳೆಯ ಪೆಟ್ಟಿಗೆಗಳಲ್ಲಿ ಅವರ ಡಿಸ್ಚಾರ್ಜ್ ಪುಸ್ತಕ, ಮನಿಯಾರ್ಡರಿನ ರಶೀದಿ, ಬಂದರಿನಿಂದ ಬರೆದ ಕಾಗದ ಇರಬಹುದು. ಭಾಷೆ ಕನ್ನಡವಿರಲಿ, ಮಲಯಾಳವಿರಲಿ, ಅರಬಿ ಮಲಯಾಳವಿರಲಿ. ಗೆದ್ದಲು ಹಿಡಿಯುವ ಮೊದಲು ಅವನ್ನು ಬಿಚ್ಚಿ, ಹೆಸರು, ಹಡಗು, ವರ್ಷ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಕೆಲಸಕ್ಕೆ ದೊಡ್ಡ ವಿದ್ವತ್ತೇನೂ ಬೇಡ. ಈ ಸಂಚಿಕೆಯ ಎರಡೂ ಭಾಷೆಯ ಓದುಗರು ತಮ್ಮ ತಮ್ಮ ಮನೆಯಿಂದಲೇ ಅದನ್ನು ಆರಂಭಿಸಬಹುದು.