ಏಪ್ರಿಲ್ 26 ಮತ್ತು ಅವ್ವನ ಬೀಸುವ ಪದಗಳು

ಮೊನ್ನೆ ಅಟ್ಟ ಸ್ವಚ್ಛ ಮಾಡುವಾಗ ಹಳೇ ಫ್ಲಾಪಿಗಳ ಡಬ್ಬಿ ಸಿಕ್ಕಿತು. ಒಂದರ ಮೇಲೆ ನನ್ನದೇ ಅಕ್ಷರದಲ್ಲಿ 'ಅವ್ವ - 1' ಅಂತ ಬರೆದಿತ್ತು. 'ಅವ್ವ - 2' ಇಲ್ಲ. ಯಾಕಿಲ್ಲ ಅನ್ನೋದೇ ಈ ಕಥೆ. ಆದರೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ನಾನು ಗದಗದ ಕಡೆಯಿಂದ ಪುಣೆಗೆ ಬಂದದ್ದು 1991ರಲ್ಲಿ. ಆಗ ಆಫೀಸಿಗೊಂದೋ ಎರಡೋ ಕಂಪ್ಯೂಟರ್. ಚಪ್ಪಲಿ ಹೊರಗೆ ಬಿಟ್ಟು, ಏಸಿ ರೂಮಿಗೆ ದೇವರ ಕೋಣೆಗೆ ಹೋದಹಾಗೆ ಹೋಗುತ್ತಿದ್ದೆವು. ವೈರಸ್ ಅಂದಾಗ ಚಪ್ಪಲಿಯಿಂದಲೇ ಬರುತ್ತದೆ ಅಂದುಕೊಂಡವರೂ ಇದ್ದರು! ನಿಜಕ್ಕೂ ಬರುತ್ತಿದ್ದದ್ದು ಕೈಯಿಂದ ಕೈಗೆ ದಾಟುವ ಫ್ಲಾಪಿಯಿಂದ.

ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ 'ಬ್ರೇನ್' ನಮ್ಮ ನೆರೆಮನೆಯದೇ. 1986ರಲ್ಲಿ ಲಾಹೋರಿನ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಅಣ್ಣತಮ್ಮಂದಿರು ಬರೆದದ್ದು. ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ, ಅಂದರೆ ಯಂತ್ರ ಮೊದಲು ಓದುವ ಜಾಗದಲ್ಲಿ, ಕೂತುಕೊಳ್ಳುತ್ತಿತ್ತು. ತಮಾಷೆ ಅಂದರೆ ಅದರೊಳಗೆ ಅವರ ಹೆಸರು, ವಿಳಾಸ, ಫೋನ್ ನಂಬರು ಎಲ್ಲಾ ಇತ್ತು. ಮದ್ದು ಬೇಕಾದರೆ ನಮ್ಮನ್ನು ಸಂಪರ್ಕಿಸಿ ಅಂತ! ಕಳ್ಳ ತನ್ನ ವಿಸಿಟಿಂಗ್ ಕಾರ್ಡು ಬಿಟ್ಟುಹೋದ ಹಾಗೆ.

ಆಮೇಲೆ ಬಂದ 'ಮೈಕೆಲೆಂಜೆಲೊ' ಅಷ್ಟು ಸಾಧುವಲ್ಲ. ಆ ಕಲಾವಿದ ಹುಟ್ಟಿದ ದಿನ, ಮಾರ್ಚ್ 6ಕ್ಕೆ, ಡಿಸ್ಕಿನ ಮೇಲಿದ್ದದ್ದನ್ನು ಅಳಿಸಿಹಾಕುವ ವೈರಸ್. 1992ರಲ್ಲಿ ಜಗತ್ತಿನ ಪತ್ರಿಕೆಗಳೆಲ್ಲ ಅದರದೇ ಗದ್ದಲ ಎಬ್ಬಿಸಿದವು. ಹೆದರಿಸಿದಷ್ಟು ಹಾನಿಯೇನೂ ಆಗಲಿಲ್ಲ. ಆದರೆ ಆಂಟಿವೈರಸ್ ಎಂಬ ಮಾತು ಸಾಮಾನ್ಯರ ಬಾಯಿಗೆ ಬಂದದ್ದು ಆಗಲೇ.

ಪುಣೆಯ ಕಥೆ ಸೇರಿಕೊಳ್ಳುವುದೂ ಇಲ್ಲೇ. ಸಾತಾರಾ ಜಿಲ್ಲೆಯ ರಹಿಮತಪುರದಿಂದ ಬಂದ ಕುಟುಂಬದ ಕೈಲಾಸ್ ಕಾಟ್ಕರ್, ಕ್ಯಾಲ್ಕುಲೇಟರ್ ರಿಪೇರಿ ಮಾಡುತ್ತ ಕಂಪ್ಯೂಟರ್ ರಿಪೇರಿಗೆ ಬಂದವರು. ರಿಪೇರಿಗೆ ಬರುವ ಯಂತ್ರಗಳಲ್ಲಿ ವೈರಸ್ ಕಾಟವೇ ಹೆಚ್ಚು ಅಂತ ಕಂಡಾಗ, ಕಂಪ್ಯೂಟರ್ ಓದುತ್ತಿದ್ದ ತಮ್ಮ ಸಂಜಯ್ ಅದನ್ನು ತೆಗೆಯುವ ಪ್ರೋಗ್ರಾಮುಗಳನ್ನು ಬರೆದರು. ಅದೇ ಬೆಳೆದು 'ಕ್ವಿಕ್ ಹೀಲ್' ಆಯಿತು. ಕಂಪನಿ 1995ರಲ್ಲಿ ಶುರುವಾಗಿ, 2016ರಲ್ಲಿ ಶೇರು ಮಾರುಕಟ್ಟೆಗೂ ಬಂತು. ಲಾಹೋರಿನ ಅಣ್ಣತಮ್ಮಂದಿರಿಂದ ಶುರುವಾದ ರೋಗಕ್ಕೆ ಪುಣೆಯ ಅಣ್ಣತಮ್ಮಂದಿರ ಮದ್ದು ಅಂತ ನಾವು ಚಹಾದ ಅಂಗಡಿಯಲ್ಲಿ ನಗುತ್ತಿದ್ದೆವು.

ಆ ಕಾಲದ ಆಂಟಿವೈರಸ್ ಕೆಲಸ ಮಾಡುತ್ತಿದ್ದ ರೀತಿ ಪೊಲೀಸ್ ಠಾಣೆಯ ಗೋಡೆಯ ಮೇಲಿನ ಕಳ್ಳರ ಫೋಟೋಗಳಂತೆ. ಪ್ರತಿ ವೈರಸ್ಸಿಗೂ ಒಂದು ಗುರುತಿನ ಸಾಲು ಇರುತ್ತದೆ. ಫೈಲಿನಲ್ಲಿ ಆ ಸಾಲು ಕಂಡರೆ ಹಿಡಿ. ಫೋಟೋ ಇಲ್ಲದ ಕಳ್ಳ ರಾಜಾರೋಷವಾಗಿ ಒಳಗೆ ಬರುತ್ತಾನೆ. ಆದ್ದರಿಂದಲೇ ಅಪ್‌ಡೇಟ್ ಬೇಕು. ಆಗ ಅಪ್‌ಡೇಟ್ ಅಂದರೆ ಫ್ಲಾಪಿ ಹಿಡಿದುಕೊಂಡು ಅಂಗಡಿಗೆ ಹೋಗುವುದು, ಇಲ್ಲವೇ ಡಯಲಪ್ಪಿನಲ್ಲಿ ಕುಂಯ್‌ಗುಡುತ್ತ ಕೂರುವುದು. ನಾನು 'ಮುಂದಿನ ಭಾನುವಾರ' ಅಂತ ಮುಂದೂಡುತ್ತಲೇ ಇದ್ದೆ.

1998ರ ಕೊನೆಗೆ ಅವ್ವ ಎರಡು ತಿಂಗಳು ನಮ್ಮ ಮನೆಗೆ ಬಂದಿದ್ದಳು. ಅದೇ ವರ್ಷ 'ಬರಹ' ತಂತ್ರಾಂಶ ಬಂದಿತ್ತು. ಕನ್ನಡ ತೆರೆಯ ಮೇಲೆ ಮೂಡುವುದನ್ನು ನೋಡುವ ಹುಚ್ಚು ನನಗೆ. ಅವ್ವ ರಾತ್ರಿ ಊಟವಾದ ಮೇಲೆ ಬೀಸುವ ಪದ ಹೇಳುವಳು, ನಾನು ಕುಟ್ಟುವೆ. ಒಟ್ಟು 38 ಪದ. ಮೊದಲಿನ 11ನ್ನು ಫ್ಲಾಪಿಗೆ ಹಾಕಿದ್ದೆ. ಉಳಿದದ್ದು ಆಮೇಲೆ ಹಾಕಿದರಾಯಿತು ಅಂತ ಬಿಟ್ಟೆ.

1999ರ ಏಪ್ರಿಲ್ 26, ಸೋಮವಾರ. ಕಂಪ್ಯೂಟರ್ ಹಾಕಿದ ಸ್ವಲ್ಪ ಹೊತ್ತಿಗೆ ಸ್ತಬ್ಧವಾಯಿತು. ಮತ್ತೆ ಹಾಕಿದರೆ ಡಿಸ್ಕೇ ಇಲ್ಲ ಅನ್ನುತ್ತದೆ. ಅದು ಸಿಐಹೆಚ್ ವೈರಸ್. ತೈವಾನಿನ ಚೆನ್ ಇಂಗ್-ಹೌ ಎಂಬ ವಿದ್ಯಾರ್ಥಿ 1998ರಲ್ಲಿ ಬರೆದದ್ದು. 1986ರ ಚೆರ್ನೋಬಿಲ್ ದುರಂತದ ದಿನಾಂಕವೂ ಅದೇ ಆದ್ದರಿಂದ 'ಚೆರ್ನೋಬಿಲ್' ಅಂತಲೂ ಕರೆದರು. ಫೈಲಿನ ಒಳಗಿನ ಖಾಲಿ ಜಾಗಗಳಲ್ಲೇ ತುಂಡುತುಂಡಾಗಿ ಸೇರಿಕೊಳ್ಳುವುದರಿಂದ ಫೈಲಿನ ಗಾತ್ರ ಹೆಚ್ಚುತ್ತಿರಲಿಲ್ಲ, ಅನುಮಾನವೂ ಬರುತ್ತಿರಲಿಲ್ಲ. ಆ ದಿನ ಅದು ಡಿಸ್ಕಿನ ಮೊದಲ ಒಂದು ಎಂಬಿಯನ್ನು ಸೊನ್ನೆಗಳಿಂದ ತುಂಬಿತು. ಕೆಲವು ಯಂತ್ರಗಳಲ್ಲಿ ಬಯೋಸ್ ಚಿಪ್ಪನ್ನೂ ಕೆಡಿಸಿತು. ನನ್ನ ಚಿಪ್ಪು ಉಳಿಯಿತು. ರಿಪೇರಿ ಹುಡುಗ ಬಂದು ಡಿಸ್ಕ್ ಫಾರ್ಮ್ಯಾಟ್ ಮಾಡಿ, ಎಲ್ಲ ಹೊಸದಾಗಿ ಹಾಕಿಕೊಟ್ಟ. "ಹಳೇದು ಹೋಯ್ತು ಸಾರ್" ಅಂದ. ನಾನೂ ಸರಿ ಅಂದೆ.

ವರ್ಷಗಳ ನಂತರ ತಿಳಿದದ್ದು ಬೇರೆ. ಅಳಿಸಿಹೋದದ್ದು ಪುಸ್ತಕದ ಪರಿವಿಡಿ, ಪುಟಗಳಲ್ಲ! ಫ್ಯಾಟ್32 ಡಿಸ್ಕುಗಳಲ್ಲಿ ಆ ಪರಿವಿಡಿಯ ಇನ್ನೊಂದು ಪ್ರತಿ ಸಾಮಾನ್ಯವಾಗಿ ಒಂದು ಎಂಬಿಯ ಆಚೆ ಉಳಿದಿರುತ್ತಿತ್ತು. ಅದನ್ನು ಹಿಡಿದು ಫೈಲುಗಳನ್ನು ಮರಳಿ ಪಡೆದವರಿದ್ದರು. ನನ್ನದೂ ಫ್ಯಾಟ್32. ಅವ್ವನ ಪದಗಳು ಅಲ್ಲೇ ಇದ್ದಿರಬಹುದು. ಅವಸರ ಮಾಡಿದ್ದು ನಾವು.

ಮುಂದಿನ ದೀಪಾವಳಿಗೆ ಅವ್ವ ಮತ್ತೆ ಬಂದಾಗ ಕೇಳಿದೆ. 9 ಪದ ನೆನಪಾದವು. "ಬೀಸುಕಲ್ಲು ಕೈಯಾಗ ಇಲ್ಲದ ಪದ ಬರೂದಿಲ್ಲೋ ತಮ್ಮಾ" ಅಂದಳು. ಉಳಿದ 18 ಅವಳ ಜೊತೆಗೇ ಹೋದವು.

ಈಗ ವಿಂಡೋಸಿನಲ್ಲೇ ಡಿಫೆಂಡರ್ ಬರುತ್ತದೆ, ಅಪ್‌ಡೇಟ್ ತಾನಾಗಿಯೇ ಆಗುತ್ತದೆ. ಆದರೂ 2017ರ ಮೇ 12ರಂದು 'ವನ್ನಾಕ್ರೈ' ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳ ಫೈಲಿಗೆ ಬೀಗ ಹಾಕಿ ಹಣ ಕೇಳಿತು. ಅದನ್ನು ತಡೆಯುವ ಪ್ಯಾಚು ಎರಡು ತಿಂಗಳು ಮೊದಲೇ ಬಂದಿತ್ತು. ಹಾಕಿಕೊಳ್ಳದವರು ನನ್ನ ಹಾಗೆಯೇ 'ಮುಂದಿನ ಭಾನುವಾರ' ಅಂದಿರಬೇಕು.

ಕಾವಲುಗಾರ ಎಷ್ಟೇ ಒಳ್ಳೆಯವನಿರಲಿ, ಮನೆಯ ಬಂಗಾರದ ಲೆಕ್ಕ ನಮ್ಮದೇ. ಊರಿಂದ ತಂದ ಧ್ವನಿ, ಫೋಟೋ, ಪತ್ರ ಏನಿದ್ದರೂ ಇನ್ನೊಂದು ಕಡೆ ಒಂದು ಪ್ರತಿ ಇಟ್ಟುಕೊಳ್ಳಿ. ಇವತ್ತೇ. 'ಅವ್ವ - 1' ಈಗ ಮೂರು ಕಡೆ ಇದೆ.