ಮಗ ಇಂಗ್ಲೆಂಡಿನಲ್ಲಿ ಮನೆ ಕಟ್ಟುವಾಗ: ಇಲ್ಲಿಯ ತೆರಿಗೆ, ಅಲ್ಲಿಯ ತೆರಿಗೆ



ನಮ್ಮ ಸಮಾಜದ ಎಷ್ಟೋ ಮನೆಗಳ ಮಕ್ಕಳು ಈಗ ಪರದೇಶದಲ್ಲಿ ನೆಲೆಸಿದ್ದಾರೆ. ಬಾಡಿಗೆ ಕಟ್ಟಿ ಬೇಸತ್ತು ಸ್ವಂತ ಮನೆ ಕಟ್ಟಲು ಹೊರಟಾಗ ಅಪ್ಪ-ಅಮ್ಮ ಇಲ್ಲಿಂದ ಹಣ ಕಳಿಸುತ್ತಾರೆ. ನನ್ನ ತಂಗಿಯ ಮನೆಯಲ್ಲೂ ಹೀಗೇ ಆಯಿತು. ಅಳಿಯ ಲೆಸ್ಟರ್ ಹತ್ತಿರ ಒಂದು ಹಳೇ ಮನೆ ನೋಡಿದ್ದ. ಭಾವನವರು ಊರಿನ ನಿವೇಶನ ಮಾರಿ ಹಣ ಕಳಿಸುವುದೆಂದು ತೀರ್ಮಾನಿಸಿದ್ದರು. ಲೆಕ್ಕ ನೋಡಲು ಕುಳಿತಾಗ ಎರಡು ದೇಶದ ತೆರಿಗೆ ಸೇರಿ ಬಜೆಟ್ಟೇ ತಲೆಕೆಳಗಾಯಿತು. ಆಗ ಸಿಎ ಹತ್ತಿರ ಓಡಾಡಿ ತಿಳಿದುಕೊಂಡದ್ದನ್ನು ಸಮಾಜ ಬಾಂಧವರ ಉಪಯೋಗಕ್ಕಾಗಿ ಬರೆದಿದ್ದೇನೆ.

ಮೊದಲಿಗೆ ಒಂದು ತಪ್ಪು ತಿಳುವಳಿಕೆ. ‘ನಿವೇಶನ ಮಾರಿದ ಹಣದಲ್ಲಿ ಮನೆ ಕಟ್ಟಿದರೆ ಲಾಭದ ಮೇಲೆ ತೆರಿಗೆ ಇಲ್ಲ’ ಎಂದು ಎಲ್ಲರೂ ಹೇಳುತ್ತಾರೆ. ಅದು 54ಎಫ್ ವಿನಾಯಿತಿ. ಹಿಂದೆ ಕೆಲವರಿಗೆ ಹೊರದೇಶದ ಮನೆಗೂ ಅದು ಸಿಕ್ಕಿತ್ತು, ಆ ಮಾತು ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ಆದರೆ 2014ರ ಬಜೆಟ್ಟಿನಲ್ಲಿ ಕಾನೂನು ತಿದ್ದಿದರು. ಮನೆ ಭಾರತದಲ್ಲಿಯೇ ಇರಬೇಕು, ಅದೂ ಒಂದೇ ಮನೆ. ಆದಾಯ ತೆರಿಗೆಯ ಹೊಸ ಕಾನೂನು 2026ರ ಏಪ್ರಿಲ್ 1ರಿಂದ ಬಂದಿರುವುದರಿಂದ ಕಲಮುಗಳ ನಂಬರು ಬದಲಾಗಿದೆ, ಈ ಷರತ್ತು ಬದಲಾಗಿಲ್ಲ. ನಿವೇಶನ ಮಾರಿ 80 ಲಕ್ಷ ಲಾಭ ಬಂದರೆ ಶೇ. 12.5ರಂತೆ 10 ಲಕ್ಷ, ಮೇಲೆ ಸರ್‌ಚಾರ್ಜ್ 1 ಲಕ್ಷ, ಸೆಸ್ 44 ಸಾವಿರ ಕಟ್ಟಲೇಬೇಕು. 2024ರ ಜುಲೈ 23ಕ್ಕೆ ಮೊದಲು ಕೊಂಡ ಆಸ್ತಿಯಾದರೆ, ಇಲ್ಲಿ ವಾಸವಿರುವವರು ಹಣದುಬ್ಬರದ ಲೆಕ್ಕ ಹಾಕಿ ಶೇ. 20ರ ಹಳೇ ದರವನ್ನೂ ನೋಡಬಹುದು, ಯಾವುದು ಕಡಿಮೆಯೋ ಅದು. ಪರದೇಶದಲ್ಲಿರುವ ಮಗನ ಹೆಸರಿನಲ್ಲಿ ಆಸ್ತಿ ಇದ್ದರೆ ಆ ಆಯ್ಕೆ ಇಲ್ಲ. ಹಳ್ಳಿಯ ಸಾಗುವಳಿ ಜಮೀನಿಗೆ ಮಾತ್ರ ಈ ತೆರಿಗೆಯೇ ಬರುವುದಿಲ್ಲ, ಆದರೆ ಊರು ಪುರಸಭೆ-ನಗರಸಭೆಗೆ ಎಷ್ಟು ದೂರ ಎಂಬುದನ್ನು ನೋಡಿಕೊಳ್ಳಬೇಕು. ಜನಸಂಖ್ಯೆಗೆ ತಕ್ಕಂತೆ 2, 6 ಅಥವಾ 8 ಕಿಲೋಮೀಟರ್ ಒಳಗಿದ್ದರೆ ಅದು ಹಳ್ಳಿಯ ಜಮೀನು ಎನಿಸುವುದಿಲ್ಲ.

ಇನ್ನು ಹಣ ಕಳಿಸುವುದು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ತನಕ ಕಳಿಸಬಹುದು. ಮಗನಿಗೆ ಉಡುಗೊರೆಯಾಗಿ ಕೊಟ್ಟರೂ ಇದೇ ಮಿತಿ. ನಮ್ಮ ವ್ಯಾಪಾರಿ ಮನೆತನಗಳು ಇಲ್ಲಿ ಎಡವುತ್ತವೆ. ಆಸ್ತಿ ಹೆಚ್ಚಾಗಿ ಎಚ್‌ಯುಎಫ್ ಅಂದರೆ ಅವಿಭಕ್ತ ಕುಟುಂಬದ ಹೆಸರಿನಲ್ಲಿರುತ್ತದೆ. ಎಲ್‌ಆರ್‌ಎಸ್ ವ್ಯಕ್ತಿಗಳಿಗೆ ಮಾತ್ರ. ಎಚ್‌ಯುಎಫ್, ಪಾಲುದಾರಿಕೆ ಅಂಗಡಿ, ಕಂಪನಿ, ಟ್ರಸ್ಟ್ ಯಾವುದರ ಖಾತೆಯಿಂದಲೂ ಹೋಗುವುದಿಲ್ಲ. ಕ್ರಯಪತ್ರಕ್ಕೆ ಸಹಿ ಹಾಕಿದ ಮೇಲೆ ಬ್ಯಾಂಕಿಗೆ ಹೋಗಿ ಇದನ್ನು ಕೇಳಿಸಿಕೊಳ್ಳುವ ಬದಲು, ಮಾರುವ ಮೊದಲೇ ಸಿಎ ಹತ್ತಿರ ಕುಳಿತು ಕುಟುಂಬದ ಹಣ ಸದಸ್ಯರ ಕೈಗೆ ಹೇಗೆ ಬರಬೇಕೆಂದು ತೀರ್ಮಾನಿಸಿ.

ಕಳಿಸುವಾಗ ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದ ತನಕ ಇಲ್ಲ, ಅದರ ಮೇಲಿನದಕ್ಕೆ ಶೇ. 20. ಭಾವನವರು 60 ಲಕ್ಷ ಒಂದೇ ಸಲ ಕಳಿಸಿದ್ದರೆ 50 ಲಕ್ಷದ ಮೇಲೆ 10 ಲಕ್ಷ ರೂಪಾಯಿ ಹಿಡಿಯುತ್ತಿದ್ದರು. ಇದು ಕಳೆದುಹೋದ ಹಣವಲ್ಲ, ರಿಟರ್ನ್‌ನಲ್ಲಿ ತೆರಿಗೆಗೆ ಜಮಾ ಆಗುತ್ತದೆ, ಹೆಚ್ಚಿದ್ದರೆ ವಾಪಸು ಬರುತ್ತದೆ. ಮುಂಗಡ ತೆರಿಗೆಯಲ್ಲಿಯೂ ಕಳೆದುಕೊಳ್ಳಬಹುದು. ಆದರೆ ಅಷ್ಟು ದಿನ ಬಂಡವಾಳ ಸಿಕ್ಕಿಹಾಕಿಕೊಂಡಂತೆ, ವ್ಯಾಪಾರ ಮಾಡುವವರಿಗೆ ಅದರ ಬಿಸಿ ಗೊತ್ತು. ಈ 10 ಲಕ್ಷದ ಲೆಕ್ಕ ಪ್ಯಾನ್‌ಗೆ ಒಂದರಂತೆ, ವರ್ಷಕ್ಕೊಮ್ಮೆ ಹೊಸದು. ಎರಡು ಬ್ಯಾಂಕಿನಿಂದ ಕಳಿಸಿದರೆ ಎರಡು ಸಲ ಸಿಗುವುದಿಲ್ಲ. ಆದರೆ ತಂಗಿಯ ಹೆಸರಿನಲ್ಲೂ ಅವಳದೇ ಹಣವಿತ್ತು. ಆದ್ದರಿಂದ ಇಬ್ಬರೂ ಮಾರ್ಚ್‌ನಲ್ಲಿ 15 ಲಕ್ಷ, ಏಪ್ರಿಲ್‌ನಲ್ಲಿ 15 ಲಕ್ಷ ಎಂದು ಭಾಗ ಮಾಡಿ ಕಳಿಸಿದರು. ಪ್ರತಿ ಸಲ ಐದು ಲಕ್ಷದ ಮೇಲೆ ಒಂದು ಲಕ್ಷ, ಒಟ್ಟು ನಾಲ್ಕು ಲಕ್ಷ ಮಾತ್ರ ಹಿಡಿದರು.

ಈಗ ಇಂಗ್ಲೆಂಡಿನ ಕಡೆ ಬರೋಣ. ‘ನಮ್ಮ ಹಣ ಹಾಕಿದ್ದೇವೆ, ಪತ್ರದಲ್ಲಿ ನಮ್ಮ ಹೆಸರೂ ಇರಲಿ’ ಎಂದು ಹಿರಿಯರು ಹೇಳುವುದು ಸಹಜ. ಭಾವನವರೂ ಹೇಳಿದರು. ಆ ಒಂದು ಹೆಸರಿಗೆ ಎಷ್ಟು ಬೀಳುತ್ತದೆ ನೋಡಿ. ಮನೆ ಕೊಳ್ಳುವಾಗ ಅಲ್ಲಿ ಸ್ಟ್ಯಾಂಪ್ ಡ್ಯೂಟಿ ಇದೆ. ಕೊಳ್ಳುವವರಲ್ಲಿ ಒಬ್ಬರಿಗೆ ಬೇರೆ ಮನೆ ಇದ್ದರೂ ಪೂರ್ತಿ ಬೆಲೆಯ ಮೇಲೆ ಶೇ. 5 ಹೆಚ್ಚುವರಿ (2024ರ ಅಕ್ಟೋಬರ್ 31ರಿಂದ ಈ ದರ). ಆ ಬೇರೆ ಮನೆ ಜಗತ್ತಿನ ಎಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ, ಇಲ್ಲಿಯ ನಮ್ಮ ಮನೆಯೂ ಸೇರಿ. ಕೊಳ್ಳುವವರಲ್ಲಿ ಒಬ್ಬರು ಅಲ್ಲಿಯ ನಿವಾಸಿ ಅಲ್ಲದಿದ್ದರೆ ಇನ್ನೂ ಶೇ. 2. ನಾಲ್ಕು ಲಕ್ಷ ಪೌಂಡಿನ ಮನೆಗೆ ಎರಡೂ ಸೇರಿ 28 ಸಾವಿರ ಪೌಂಡ್! ಖಾಲಿ ನಿವೇಶನಕ್ಕೆ ದರ ಬೇರೆ, ಈ ಎರಡು ಹೆಚ್ಚುವರಿ ಇಲ್ಲ. ಮಗನ ಹೆಸರಿನಲ್ಲಿ ಊರಲ್ಲಿ ಮನೆಯ ಪಾಲಿದ್ದರೆ ಅದನ್ನೂ ಅಲ್ಲಿಯ ವಕೀಲರಿಗೆ ಮುಚ್ಚಿಡದೆ ಹೇಳಬೇಕು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ತೆರಿಗೆಯೇ ಬೇರೆ.

ಹೆಸರು ಹಾಕಿಸಿದರೆ ಇಲ್ಲಿಯೂ ಜವಾಬ್ದಾರಿ ಬರುತ್ತದೆ. ಪ್ರತಿ ವರ್ಷ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಆ ಮನೆ ತೋರಿಸಬೇಕು. ಬಿಟ್ಟರೆ 10 ಲಕ್ಷ ದಂಡ ಹಾಕುವ ಅವಕಾಶ 2015ರ ಕಪ್ಪುಹಣ ಕಾನೂನಿನಲ್ಲಿದೆ. ಸಣ್ಣ ಮೊತ್ತದ ವಿದೇಶಿ ಖಾತೆ, ಷೇರುಗಳಿಗೆ ಈಚೆಗೆ ಕೊಟ್ಟ 20 ಲಕ್ಷದ ರಿಯಾಯಿತಿ ಮನೆ-ಜಮೀನಿಗೆ ಇಲ್ಲ. ಭಾವನವರು ಒಂದು ದಿನ ಬೇಸರ ಮಾಡಿಕೊಂಡರು, ಆಮೇಲೆ ಉಡುಗೊರೆ ಪತ್ರ ಬರೆದುಕೊಟ್ಟರು. ಉಡುಗೊರೆಯಾದರೆ ಮನೆ ಪೂರ್ತಿ ಮಗನದು, ಮುಂದೆ ಮನಸ್ತಾಪ ಬಂದರೆ ಹಕ್ಕು ಕೇಳುವಂತಿಲ್ಲ. ತೆರಿಗೆ ಉಳಿಯುತ್ತದೆ ಎಂದು ಮಾತ್ರ ನೋಡಿ ಇದನ್ನು ಮಾಡಬೇಡಿ. ಮನೆಯವರೆಲ್ಲ ಕುಳಿತು ಮಾತಾಡಿಯೇ ಮಾಡಿ.

ಕಟ್ಟಡದ ರೂಪವನ್ನೇ ಬದಲಾಯಿಸುವುದು ವ್ಯಾಟ್, ನಮ್ಮ ಜಿಎಸ್‌ಟಿ ಇದ್ದಂತೆ. ಅಲ್ಲಿ ಹೊಚ್ಚ ಹೊಸ ಮನೆ ಕಟ್ಟಿದರೆ ವ್ಯಾಟ್ ಸೊನ್ನೆ, ಇದ್ದ ಮನೆಗೆ ಕೋಣೆ ಸೇರಿಸಿದರೆ, ರಿಪೇರಿ ಮಾಡಿದರೆ ಶೇ. 20. ಎರಡು ಲಕ್ಷ ಪೌಂಡಿನ ಕೆಲಸಕ್ಕೆ 40 ಸಾವಿರ ಪೌಂಡಿನ ವ್ಯತ್ಯಾಸ. ಹಾಗಾಗಿ ಗಟ್ಟಿಮುಟ್ಟಾದ ಹಳೇ ಮನೆಯನ್ನೂ ನೆಲಸಮ ಮಾಡಿ ಹೊಸದು ಕಟ್ಟುವವರಿದ್ದಾರೆ. ಎದುರಿನ ಒಂದು ಗೋಡೆ (ಮೂಲೆ ಮನೆಯಾದರೆ ಎರಡು) ಉಳಿಸಬೇಕೆಂದು ಕಟ್ಟಡ ಪರವಾನಗಿಯಲ್ಲಿಯೇ ಷರತ್ತು ಇದ್ದರೆ ಅಷ್ಟು ಉಳಿಸಬಹುದು. ನೆಲಮಾಳಿಗೆಯೂ ಇರಬಹುದು. ತಾವಾಗಿಯೇ ಒಂದು ಗೋಡೆ ಉಳಿಸಿಕೊಂಡರೆ ಅದು ಹೊಸ ಮನೆಯಾಗುವುದಿಲ್ಲ. ಚೆನ್ನಾಗಿರುವ ಇಟ್ಟಿಗೆ ಗೋಡೆ ಒಡೆದರೆ ಸೊನ್ನೆ, ಉಳಿಸಿಕೊಂಡರೆ ಶೇ. 20 ಎನ್ನುವ ಲೆಕ್ಕ ನನಗೆ ಇಂದಿಗೂ ಸರಿ ಕಾಣುವುದಿಲ್ಲ. ಎರಡು ವರ್ಷ ಖಾಲಿ ಬಿದ್ದಿದ್ದ ಮನೆಯನ್ನು ದುರಸ್ತಿ ಮಾಡಿದರೆ ಶೇ. 5 ಇದೆ, ಖಾಲಿ ಇದ್ದುದಕ್ಕೆ ದಾಖಲೆ ಬೇಕು.

ಸೊನ್ನೆ ಎಂದರೂ ಎಲ್ಲದಕ್ಕೂ ಅಲ್ಲ. ಆರ್ಕಿಟೆಕ್ಟ್ ಫೀಸಿಗೆ ಶೇ. 20 ಇದ್ದೇ ಇದೆ. ಕಾರ್ಪೆಟ್, ಒಲೆ, ಫ್ರಿಜ್, ವಾಷಿಂಗ್ ಮಷೀನ್ ಇವುಗಳಿಗೂ. ಅಡುಗೆಮನೆಯ ಕಪಾಟು ಸಿಗುತ್ತದೆ, ಮಲಗುವ ಕೋಣೆಯ ವಾರ್ಡ್‌ರೋಬ್ ಬಹುತೇಕ ಸಿಗುವುದಿಲ್ಲ. ಸೋಲಾರ್, ಹೀಟ್ ಪಂಪ್, ಗೋಡೆಯ ಇನ್ಸುಲೇಷನ್ ಕೂರಿಸಿಕೊಡುವುದಕ್ಕೆ ಹಳೇ ಮನೆಗೂ 2027ರ ಮಾರ್ಚ್ 31ರ ತನಕ ಸೊನ್ನೆ.

ಕೆಲವು ಊರುಗಳ ಕೌನ್ಸಿಲ್ಲಿನವರು ಹೊಸ ಮನೆಗೆ ಚದರ ಮೀಟರ್ ಲೆಕ್ಕದಲ್ಲಿ ಅಭಿವೃದ್ಧಿ ಶುಲ್ಕ ಹಾಕುತ್ತಾರೆ, ಸಿಐಎಲ್ ಎನ್ನುತ್ತಾರೆ. ತಾನೇ ವಾಸಕ್ಕೆ ಕಟ್ಟುವವನಿಗೆ ಮಾಫಿ ಇದೆ, ಆದರೆ ಕೆಲಸ ಶುರುವಾಗುವ ಮೊದಲೇ ಅದು ಮಂಜೂರಾಗಿರಬೇಕು, ಕಟ್ಟಿದ ಮೇಲೆ ಮೂರು ವರ್ಷ ಅಲ್ಲಿಯೇ ಇರಬೇಕು. ಮುಹೂರ್ತ ಚೆನ್ನಾಗಿದೆ ಎಂದು ಮೊದಲು ಪಾಯ ಅಗೆದು ಆಮೇಲೆ ಅರ್ಜಿ ಕೊಟ್ಟರೆ ಮಾಫಿ ಹೋಯಿತು.

ಕೊನೆಗೆ ಬಿಲ್ಲುಗಳು. ಗುತ್ತಿಗೆದಾರ ಹೊಸ ಮನೆಗೆ ವ್ಯಾಟ್ ಹಾಕಬಾರದು. ತಪ್ಪಾಗಿ ಹಾಕಿದರೆ ಸರ್ಕಾರ ವಾಪಸು ಕೊಡುವುದಿಲ್ಲ, ಅವನಿಂದಲೇ ಬಿಡಿಸಿಕೊಳ್ಳಬೇಕು. ಅಳಿಯನಿಗೆ ನಲ್ಲಿ ಕೆಲಸದವನೊಬ್ಬ ಹೀಗೇ ಶೇ. 20 ಸೇರಿಸಿ ಬಿಲ್ ಕೊಟ್ಟಿದ್ದ, ಹಣ ಕೊಡುವ ಮೊದಲು ನೋಡಿದ್ದರಿಂದ ಬೇರೆ ಬಿಲ್ ಬರೆಸಿಕೊಂಡ. ಆದರೆ ನಾವೇ ಅಂಗಡಿಯಲ್ಲಿ ಕೊಂಡ ಇಟ್ಟಿಗೆ, ಮರ, ಟೈಲ್ಸ್‌ನ ವ್ಯಾಟ್ ವಾಪಸು ಸಿಗುತ್ತದೆ. ಮನೆ ಮುಗಿದ ಆರು ತಿಂಗಳೊಳಗೆ ಒಂದೇ ಒಂದು ಸಲ ಅರ್ಜಿ, ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಲು ಬರುವುದಿಲ್ಲ. ವ್ಯಾಟ್ ನಂಬರ್ ಇರುವ ಬಿಲ್ಲೇ ಬೇಕು, ದೊಡ್ಡ ಮೊತ್ತದ ಬಿಲ್ಲಿನಲ್ಲಿ ಮಗನ ಹೆಸರು, ವಿಳಾಸ ಇರಬೇಕು. ತಂಗಿ ಮೂರು ತಿಂಗಳು ಅಲ್ಲಿಗೆ ಹೋಗಿದ್ದಾಗ ಆ ಬಿಲ್ಲುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ, ನಮ್ಮ ಅಂಗಡಿಯ ಖಾತೆ ಪುಸ್ತಕದ ಹಾಗೆಯೇ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟು ಬಂದಿದ್ದಾಳೆ.