ದ್ರವ್ಯರಾಶಿ ಮತ್ತು ವೇಗೋತ್ಕರ್ಷ: ಲೋಂಡಾ ಘಟ್ಟಮಾರ್ಗದ ನಿದರ್ಶನ

ಬಲ ಬದಲಾಗದಿದ್ದರೆ ವಸ್ತುವಿನ ವೇಗೋತ್ಕರ್ಷ ಅದರ ದ್ರವ್ಯರಾಶಿಗೆ ವಿಲೋಮಾನುಪಾತದಲ್ಲಿರುತ್ತದೆ. ದ್ರವ್ಯರಾಶಿ ಇಮ್ಮಡಿಯಾದರೆ ವೇಗೋತ್ಕರ್ಷ ಅರ್ಧಕ್ಕಿಳಿಯುತ್ತದೆ. ಇಲ್ಲಿ ಬಲವೆಂದರೆ ನಿವ್ವಳ ಬಲ, ಅಂದರೆ ಎಳೆತದಿಂದ ಘರ್ಷಣೆಯನ್ನೂ ಏರಿನ ತಡೆಯನ್ನೂ ಕಳೆದು ಉಳಿದದ್ದು. ಕಳೆಯುವುದನ್ನು ಮರೆತರೆ ಲೆಕ್ಕ ಸರಿಯಿದ್ದೂ ಉತ್ತರ ತಪ್ಪುತ್ತದೆ.

ನಿಯಮದ ಹಿನ್ನೆಲೆ

ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ದಲ್ಲಿ ಎರಡನೆಯ ನಿಯಮವನ್ನು ಚಲನೆಯಲ್ಲಾಗುವ ಬದಲಾವಣೆಯ ನಿಯಮವಾಗಿ ಹೇಳಿದ. ಇಂದು ಶಾಲೆಯಲ್ಲಿ ಕಲಿಸುವ ಸಮೀಕರಣರೂಪ ಗಟ್ಟಿಗೊಂಡದ್ದು 18ನೇ ಶತಮಾನದಲ್ಲಿ, ಬಹುಮಟ್ಟಿಗೆ ಆಯ್ಲರನ ಬರಹಗಳಿಂದ. ಜಾರ್ಜ್ ಆಟ್‌ವುಡ್ 1784ರಲ್ಲಿ ವಿವರಿಸಿದ ರಾಟೆಯಂತ್ರ ಇದನ್ನು ಮೇಜಿನ ಮೇಲೆ ಅಳೆದು ತೋರಿಸುವಂತೆ ಮಾಡಿತು.

ಲೋಂಡಾ ಮತ್ತು ಘಟ್ಟ

ಬೆಳಗಾವಿಯಿಂದ ದೇಸೂರು, ಖಾನಾಪುರ, ಗುಂಜಿ ದಾಟಿ ಬರುವ ರೈಲುಮಾರ್ಗವು ಖಾನಾಪುರ ತಾಲ್ಲೂಕಿನ ಲೋಂಡಾದಲ್ಲಿ ಗೋವಾ ಮಾರ್ಗವನ್ನು ಕೂಡುತ್ತದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಇದನ್ನು ಮೀಟರ್ ಗೇಜ್ ಆಗಿ ಹಾಕಿತು. ಬ್ರಾಡ್ ಗೇಜ್ ಆದದ್ದು ಶತಮಾನ ಕಳೆದ ಮೇಲೆ. ಮುರ್ಮುಗಾಂವ್ ಬಂದರಿನ ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿಗಳು ಘಟ್ಟ ಹತ್ತಿ ಲೋಂಡಾ ಮೂಲಕ ತೋರಣಗಲ್ಲಿನ ಕಡೆಗೆ ಹೋಗುತ್ತವೆ, ಖಾಲಿ ರೇಕುಗಳು ಇಳಿಯುತ್ತವೆ. ಎಂಜಿನ್ ಅದೇ, ವ್ಯಾಗನ್ ಅದೇ, ದ್ರವ್ಯರಾಶಿ ಮಾತ್ರ ಬೇರೆ. ಪ್ರಕೃತ ವಿಷಯಕ್ಕೆ ಇದಕ್ಕಿಂತ ಅನುಕೂಲದ ಪ್ರಯೋಗಶಾಲೆ ಸಿಗುವುದು ಕಷ್ಟ.

ಬಾಕ್ಸ್‌ಎನ್ ಮಾದರಿಯ ವ್ಯಾಗನ್ ಖಾಲಿಯಿದ್ದಾಗ ಸುಮಾರು 22.5 ಟನ್, ತುಂಬಿದಾಗ ಸುಮಾರು 81 ಟನ್. 58 ವ್ಯಾಗನ್‌ಗಳ ರೇಕಿಗೆ ಸುಮಾರು 126 ಟನ್ನಿನ ಡಬ್ಲ್ಯುಡಿಜಿ-4 ಡೀಸೆಲ್ ಎಂಜಿನ್ ಕಟ್ಟಿದರೆ ಒಟ್ಟು ಖಾಲಿಗೆ 1,430, ತುಂಬಿದ್ದಕ್ಕೆ 4,800 ಟನ್ ಆಸುಪಾಸು. ಸಮತಟ್ಟಿನಲ್ಲಿ 400 ಕಿಲೋನ್ಯೂಟನ್ ನಿವ್ವಳ ಬಲ ಎಂದಿಟ್ಟುಕೊಂಡರೆ ಗಂಟೆಗೆ 18 ಕಿ.ಮೀ. ವೇಗ ಮುಟ್ಟಲು ಖಾಲಿ ಗಾಡಿಗೆ 18 ಸೆಕೆಂಡು, ತುಂಬಿದ ಗಾಡಿಗೆ ಒಂದು ನಿಮಿಷ ಬೇಕು. ಅಲ್ಲಿಂದಾಚೆ ‘ಸ್ಥಿರ ಬಲ’ ಎನ್ನುವುದು ಹೆಚ್ಚು ಹೊತ್ತು ನಿಲ್ಲದು. ಎಂಜಿನ್ನಿನ ಸಾಮರ್ಥ್ಯಕ್ಕೆ (4,000 ಅಶ್ವಶಕ್ತಿ) ಮಿತಿಯಿರುವುದರಿಂದ ವೇಗ ಏರಿದಂತೆ ಎಳೆತ ಕುಗ್ಗುತ್ತದೆ.

ಕ್ಯಾಸಲ್ ರಾಕ್‌ನಿಂದ ಕುಳೆಂವರೆಗಿನ ಘಟ್ಟದಲ್ಲಿ ಏರು 37ಕ್ಕೆ 1. ಅಲ್ಲಿ ತುಂಬಿದ ಗಾಡಿಯನ್ನು ಗುರುತ್ವವು ಸುಮಾರು 1,280 ಕಿಲೋನ್ಯೂಟನ್ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಒಂದು ಎಂಜಿನ್ ಎಷ್ಟೇ ಹೆಣಗಿದರೂ ಗಾಡಿ ಕದಲದು. ಎಂಜಿನ್‌ಗಳ ಸ್ವಂತ ತೂಕವನ್ನೂ ಸೇರಿಸಿದರೆ 400 ಕಿಲೋನ್ಯೂಟನ್ ಎಳೆತದ ನಾಲ್ಕಾದರೂ ಬೇಕೆಂದು ಲೆಕ್ಕ ಹೇಳುತ್ತದೆ. ಹಿಂದಿನಿಂದ ನೂಕಲು ‘ಬ್ಯಾಂಕರ್’ ಕಟ್ಟುವ ಪದ್ಧತಿಗೆ ಇದೇ ಕಾರಣ.

ಇಳಿಯುವಾಗ ಲೆಕ್ಕ ತಿರುಗುಮುರುಗು. ಗುರುತ್ವಬಲ ದ್ರವ್ಯರಾಶಿಯೊಂದಿಗೇ ಹೆಚ್ಚುವುದರಿಂದ, ಘರ್ಷಣೆ ಬಿಟ್ಟರೆ, ಬ್ರೇಕಿಲ್ಲದ ಗಾಡಿ ಖಾಲಿಯಿರಲಿ ತುಂಬಿರಲಿ ಸೆಕೆಂಡಿಗೆ ಸೆಕೆಂಡಿಗೆ 0.26 ಮೀಟರಿನಷ್ಟೇ ವೇಗ ಪಡೆಯುತ್ತದೆ. ಆದರೆ ಅದನ್ನು ತಡೆಯಲು ಬೇಕಾದ ಬಲ ಒಂದೇ ಅಲ್ಲ. ವ್ಯಾಗನ್ನಿನ ಪಕ್ಕದಲ್ಲಿ, ಚಾಸಿಯ ಕೆಳಗೆ ‘ಖಾಲಿ/ಲೋಡ್’ ಎಂಬ ಎರಡು ಸ್ಥಾನಗಳ ಹಿಡಿಕೆಯೊಂದಿರುತ್ತದೆ. ಲೋಡ್ ಕಡೆಗೆ ತಿರುಗಿಸಿದರೆ ಬ್ರೇಕಿನ ಒತ್ತಡ ಹೆಚ್ಚು. ಖಾಲಿ ವ್ಯಾಗನ್ನಿನ ಹಿಡಿಕೆ ಲೋಡ್‌ನಲ್ಲೇ ಉಳಿದರೆ ಬ್ರೇಕ್ ಹಾಕಿದಾಗ ಗಾಲಿ ತಿರುಗದೆ ಹಳಿಯ ಮೇಲೆ ಜಾರಿ ಚಪ್ಪಟೆ ಸವೆಯುತ್ತದೆ. ತುಂಬಿದ ವ್ಯಾಗನ್ನಿನದು ಖಾಲಿಯಲ್ಲಿ ಉಳಿಯುವುದು ಇನ್ನೂ ಅಪಾಯ. ಹೊಸ ವ್ಯಾಗನ್‌ಗಳಲ್ಲಿ ಈ ಬದಲಾವಣೆ ತಾನಾಗಿಯೇ ಆಗುತ್ತದೆ.

ತಿರುಗುವ ವಸ್ತುಗಳು

ಖಾನಾಪುರ ಹೆಂಚು, ಮಡಕೆಗಳಿಗೆ ಹೆಸರಾದ ಊರು. ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆಯೂ ಅಲ್ಲಿದೆ. ಕುಂಬಾರನ ತಿಗರಿಯ ವಿಷಯದಲ್ಲಿ ದ್ರವ್ಯರಾಶಿ ಎಷ್ಟೆಂಬುದರ ಜೊತೆಗೆ ಅದು ಅಕ್ಷದಿಂದ ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. ಅಂಚು ಭಾರವಾಗಿರುವ ತಿಗರಿಯನ್ನು ಕೋಲಿನಿಂದ ತಿರುಗಿಸಿ ವೇಗ ತರುವುದು ನಿಧಾನ. ಒಮ್ಮೆ ತಿರುಗಿತೆಂದರೆ, ಮಣ್ಣಿನ ಮೇಲೆ ಕೈ ಒತ್ತಿದರೂ ಅದರ ವೇಗ ಬೇಗ ತಗ್ಗುವುದಿಲ್ಲ.